ನನ್ನ ಕೈಗೊಪ್ಪದ ಬೀಟೆ ಮರದ ಫ್ರಾಗ್ ಅವರಿಗೆ

ಮಾನ್ಯರೇ,

ಉಪ್ಪಾರಹಳ್ಳಿಯ ನಮ್ಮ ನಡುಮನೆಯಲ್ಲಿ ನನಗಿಂತ ಎತ್ತರವಾಗಿ ಗೋಡೆಗೊರಗಿ ನಿಂತಿರುವ ಡಬಲ್ ಬಾಸ್ ವಾದ್ಯದ ಕಮಾನಿನ ಬುಡದಲ್ಲಿ, ಕುದುರೆ ಕೂದಲನ್ನು ಬಿಗಿಹಿಡಿದು, ನುಡಿಸುವವರ ಕೈಗೆ ಹಿಡಿಯಾಗಿ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಅದೇ ವಾದ್ಯವನ್ನು ಮೂವತ್ತು ವರ್ಷ ನುಡಿಸಿದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸೋಮಶೇಖರ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ದಿನಾ ಸಂಜೆ ಕೇಳಿಸುತ್ತಿದೆ.

ತಮಗಿಂತ ಮುಂಚೆ ಈ ಹುದ್ದೆಯಲ್ಲಿದ್ದವರು ಕರಿಮರದವರು, ದೊಡ್ಡ ಮೈಕಟ್ಟಿನವರು. ಮೊರದಗಲದ ನನ್ನ ಅಂಗೈಯನ್ನು ತುಂಬಿಕೊಂಡು ಕೂರುತ್ತಿದ್ದರು. ಹೆಬ್ಬೆರಳಿಗೆ ಮೇಲೆ ಆಸರೆ ಕೊಟ್ಟು, ಕಿರುಬೆರಳಿಗೆ ಕೆಳಗೆ ಜಾಗ ಬಿಟ್ಟು, ಕಮಾನಿನ ಭಾರವನ್ನೆಲ್ಲ ಬುಡದ ಕಡೆಗೇ ಎಳೆದುಕೊಳ್ಳುತ್ತಿದ್ದರು. ನಾನು ತೋಳು ಆಡಿಸಿದರೆ ಸಾಕಿತ್ತು. ಅವರು ಬಿರುಕುಬಿಟ್ಟು ಎರಡು ಹೋಳಾದಾಗ, ಬೆಂಗಳೂರಿಗೆ ಯಾಕೆ, ಗುಬ್ಬಿ ಹತ್ತಿರದ ಕಡಬದಲ್ಲಿ ಬಡಗಿ ಬೆಟ್ಟಯ್ಯ ಇದ್ದಾನೆ ಎಂದವಳು ನನ್ನ ಹೆಂಡತಿ ನೇತ್ರಾವತಿ. ಅಲ್ಲಿಯ ಶಾಲೆಯಲ್ಲಿ ಅವಳು ಟೀಚರ್. ಕಮಾನನ್ನೂ ಹೋಳುಗಳನ್ನೂ ಊಟದ ಡಬ್ಬಿಯ ಜೊತೆಗೆ ಗುಬ್ಬಿಯ ಬಸ್ಸು ಹತ್ತಿಸಿದಳು.

ಬೆಟ್ಟಯ್ಯನದೊಂದು ವ್ರತವಿದೆಯಂತೆ. ಕುಡುಗೋಲಾಗಲಿ, ಗುದ್ದಲಿಯಾಗಲಿ, ಹಿಡಿಯುವ ಕೈಗೆ ಬಾಳೆನಾರು ಸುತ್ತಿ ಅಳತೆ ತೆಗೆಯದೆ ಅವನು ಮರ ಮುಟ್ಟುವುದಿಲ್ಲ. ಇವಳು ಹೋಳುಗಳನ್ನು ಮುಂದಿಟ್ಟರೆ, "ಮುರಿದೋದುದ್ರ ಅಳ್ತೆ ಯಾಕ್ ಟೀಚರಮ್ಮ, ಹಿಡಿಯೋ ಕೈ ಕೊಡಿ" ಅಂದನಂತೆ. ಕೊಟ್ಟಳು. ಹಳೆಯ ಮಂಚದ ಕಾಲಿನಿಂದ ತಾವು ಅವತರಿಸಿದಿರಿ. ಆಮೇಲೆ ನಾನು ತಕರಾರು ತೆಗೆದಾಗ ಅವಳು ಹೇಳಿದ್ದಿಷ್ಟೆ: "ಅವ್ನು ಕೈ ಕೊಡಿ ಅಂದ, ಕೊಟ್ಟೆ ಕಣ್ರೀ. ನಿಮ್ಮ ಕೈ ಮನೇಲಿತ್ತು, ನಾನೇನ್ ಮಾಡ್ಲಿ?"

ತಮ್ಮ ಸೌಂದರ್ಯವನ್ನು ಹೊಗಳಲು ನನ್ನಿಂದಾಗದು. ಆದರೆ ನನ್ನ ಅಂಗೈಯೊಳಗೆ ತಾವು ಗಂಟಲಲ್ಲಿ ಸಿಕ್ಕಿದ ಕಡುಬಿನಂತೆ ಇರುತ್ತೀರಿ. ಹೆಬ್ಬೆರಳು ಜಾರುತ್ತದೆ, ಕಿರುಬೆರಳು ಬಸ್ಸಿನಲ್ಲಿ ಸೀಟು ಸಿಗದವನಂತೆ ಹೊರಗೇ ತೂಗಾಡುತ್ತದೆ. ತಾವು ಹಗುರವಾದ್ದರಿಂದ ಕಮಾನಿನ ಭಾರವೆಲ್ಲ ತುದಿಗೆ ಹೋಗಿ, ದಪ್ಪ ತಂತಿಯ ಮೇಲೆ ನಾನು ಎಳೆದದ್ದು ಷಡ್ಜವೋ ಬಾಗಿಲು ಕಿರುಗುಟ್ಟಿದ್ದೋ ಎಂದು ನಮ್ಮ ವಾದ್ಯಗೋಷ್ಠಿಯ ಮುಂದಾಳು ಗುರುಪ್ರಕಾಶ್ ವಿಚಾರಿಸಿದರು. ಕುಣಿಯಲಾರದವರು ನೆಲ ಡೊಂಕು ಅಂದರಂತೆ ಎಂದು ತಾವು ನಗಬಹುದು. ಆದರೆ ನಮ್ಮ ಮನೆಯಲ್ಲಿ ನಡೆದ ಅದೇ ಪ್ರಾಕ್ಟೀಸಿನಲ್ಲಿ ಟೀ ತಂದ ನೇತ್ರಾವತಿ, "ಇಲ್ಲಿ ಕೊಡಿ ಒಂದ್ನಿಮ್ಷ" ಎಂದು ತಮ್ಮನ್ನು ಹಿಡಿದು ಒಂದೇ ಒಂದು ಸಲ ಎಳೆದಳು. ಕಡಬದ ಕೆರೆ ತುಂಬಿದಷ್ಟು ನೆಮ್ಮದಿಯ ದನಿ ಬಂತು. ಎಲ್ಲರೂ ತಿರುಗಿ ನೋಡಿದರು. ಟೀ ತಣ್ಣಗಾಯಿತು.

ಮದುವೆಗೆ ಮುಂಚೆ ಅವಳು ಕುಣಿಗಲ್ಲಿನಲ್ಲಿ ಆರು ವರ್ಷ ಪಿಟೀಲು ಕಲಿತಿದ್ದಳು. ನನಗೆ ಗೊತ್ತಿಲ್ಲದ್ದೇನಲ್ಲ. ಒಂದು ಮನೆಗೆ ಎರಡು ಕಮಾನು ಯಾಕೆ ಎಂದು ಅಂದು ನಾನೇ ತಮಾಷೆ ಮಾಡಿದ್ದೆ, ಅವಳೂ ನಕ್ಕಿದ್ದಳು, ಪಿಟೀಲು ತವರಿನ ಅಟ್ಟದಲ್ಲೇ ಉಳಿಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ತಿಂಗಳಿಂದ ಅವಳು ಈ ಡಬಲ್ ಬಾಸಿನ ಮೇಲೆ ಬಿಡದೆ ಅಭ್ಯಾಸ ಮಾಡುತ್ತಿದ್ದಾಳೆ. ಬರುವ ಭಾನುವಾರದ ಕಾರ್ಯಕ್ರಮದ ಕರಪತ್ರದಲ್ಲಿ ಡಬಲ್ ಬಾಸ್ ಎಂಬುದರ ಮುಂದೆ ಯಾರ ಹೆಸರು ಹಾಕಿಸಲಿ ಎಂದು ಗುರುಪ್ರಕಾಶ್ ಬಹಳ ಮರ್ಯಾದೆಯಿಂದ ನನ್ನನ್ನೇ ಕೇಳಿದ್ದಾರೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ಮಳೆಗಾಲದಲ್ಲಿ ನಮ್ಮ ಬಚ್ಚಲ ಬಾಗಿಲು ಉಬ್ಬುವಂತೆ ತಾವೂ ಭಾನುವಾರ ಸಂಜೆ ಆರರಿಂದ ಎಂಟರವರೆಗೆ ಮಾತ್ರ ಅರ್ಧ ಇಂಚು ಉಬ್ಬಬೇಕು. ಆಗದಿದ್ದರೆ ಅಷ್ಟು ಹೊತ್ತು ನನ್ನ ಅಂಗೈ ಕುಗ್ಗುವಂತೆ ಆದೇಶ ಹೊರಡಿಸಬೇಕು. ನನ್ನ ಅಳತೆಗೆ ಇನ್ನೊಂದು ಫ್ರಾಗ್ ಮಾಡಿಸಬಾರದೇ ಎನ್ನುತ್ತೀರಿ. ಮಾಡಿಸಬಹುದು; ಬೆಟ್ಟಯ್ಯನ ಬಳಿ ಮಂಚದ ಇನ್ನೂ ಮೂರು ಕಾಲುಗಳಿವೆ. ಆದರೆ ಇರುವುದು ಒಂದೇ ಕಮಾನು. ತಮ್ಮನ್ನು ಕಳಚಿದರೆ ಅವಳ ಕೈ ಮತ್ತೆ ಬರಿದಾಗುತ್ತದೆ.

ಬೆಟ್ಟಯ್ಯ ಒಂದು ನಿಮಿಷದಲ್ಲಿ ಕೇಳಿದ ಕೈಯನ್ನು ನಾನು ಮದುವೆಯಾದ ಈ ಇಪ್ಪತ್ತೇಳು ವರ್ಷ ಕೇಳಿರಲಿಲ್ಲ. ಆದ್ದರಿಂದ ಮೇಲಿನ ಪ್ರಾರ್ಥನೆಯನ್ನು ಹಿಂಪಡೆದಿದ್ದೇನೆ; ಕರಪತ್ರಕ್ಕೆ ಅವಳ ಹೆಸರು ಕೊಟ್ಟು ಬಂದಿದ್ದೇನೆ. ಅವಳಿಗಿನ್ನೂ ಹೇಳಿಲ್ಲ, ತಾವೂ ಬಾಯಿ ಬಿಡಬೇಡಿ.

ಹೀಗೆಂದು, ತಮ್ಮನ್ನು ಹಿಡಿಯಲಾರದಿದ್ದರೂ
ತಮ್ಮ ವಿಶ್ವಾಸಿ,
ಸೋಮಶೇಖರ್

ತಾ.ಕ.: ಅವಳು ಅಭ್ಯಾಸಕ್ಕೆ ಕೂತಾಗ ರಾಗಿ ಮುದ್ದೆ ತಿರುವುವ ಕೆಲಸ ನನ್ನ ಪಾಲಿಗೆ ಬಂದಿದೆ. ಮನೆಯ ಮುದ್ದೆ ಕೋಲನ್ನೂ ಅವಳ ಕೈಯಳತೆಗೇ ಮಾಡಿಸಿದ್ದೆಂದು ಈಗ ತಿಳಿಯಿತು. ಆ ಬಗ್ಗೆ ಇಷ್ಟು ವರ್ಷ ನಾನು ಯಾವ ದೂರನ್ನೂ ಸಲ್ಲಿಸಿರಲಿಲ್ಲ. ನನ್ನ ಕೈಗೆ ಸುತ್ತಿದ ಬಾಳೆನಾರನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಮಂಚದ ಎರಡನೆಯ ಕಾಲಿನಲ್ಲಿ ನನಗೊಂದು ಮುದ್ದೆ ಕೋಲು ಮಾಡಿಕೊಡಲು ಬೆಟ್ಟಯ್ಯನಿಗೆ ಶಿಫಾರಸು ಮಾಡಬೇಕು.