ಚಿಕ್ಕಮ್ಮನ ಶೋಲ್ಡರ್ ಚೆಕ್

ಇಡೀ ದುಬೈಯಲ್ಲಿ ನಮ್ಮ ಚಿಕ್ಕಮ್ಮನಷ್ಟು ಚೆನ್ನಾಗಿ ಟ್ರಾಫಿಕ್ ನಿಯಮ ಬಲ್ಲವರು ಇನ್ನೊಬ್ಬರಿಲ್ಲ. ಲೈಸೆನ್ಸ್ ಒಂದು ಇಲ್ಲ, ಅಷ್ಟೆ! ರೋಡ್ ಟೆಸ್ಟಿನಲ್ಲಿ ಅವಳು ಎಷ್ಟು ಸಲ ಫೇಲಾಗಿದ್ದಾಳೆ ಎಂಬುದರ ಲೆಕ್ಕ ಇಡುವುದನ್ನು ನಾವೆಲ್ಲ ಎಂದೋ ಬಿಟ್ಟಿದ್ದೇವೆ. ಡ್ರೈವಿಂಗ್ ಸ್ಕೂಲಿಗೆ ಎಷ್ಟೋ ಗುರುಗಳು ಬಂದರು, ಕಲಿಸಿದರು, ವಯಸ್ಸಾಗಿ ತಮ್ಮ ತಮ್ಮ ದೇಶಕ್ಕೆ ಮರಳಿದರು. ಚಿಕ್ಕಮ್ಮ ಮಾತ್ರ ಅಲ್ಲಿ ಖಾಯಂ ವಿದ್ಯಾರ್ಥಿನಿ.

ಫೇಲಾಗಲು ಕಾರಣ ಅಜ್ಞಾನವಲ್ಲ ಸ್ವಾಮಿ, ಅತಿಯಾದ ವಿಧೇಯತೆ! ಒಮ್ಮೆ ಪರೀಕ್ಷಕರು ಮುಖ್ಯ ರಸ್ತೆಗೆ ಸೇರಲು ಹೇಳಿದರಂತೆ. ಇವಳು ಸಿಗ್ನಲ್ ಹಾಕಿದಳು, ಕನ್ನಡಿ ನೋಡಿದಳು, ಶೋಲ್ಡರ್ ಚೆಕ್ ಎಂದು ಕತ್ತು ತಿರುಗಿಸಿ ಹೆಗಲಾಚೆ ನೋಡಿದಳು. ಆಮೇಲೆ ರಸ್ತೆ ಖಾಲಿಯಾಗಲಿ ಎಂದು ಕಾದಳು. ಕಾದೇ ಕಾದಳು. ದುಬೈಯಲ್ಲಿ ರಸ್ತೆ ಖಾಲಿಯಾಗುವುದುಂಟೇ? ಹಿಂದಿನ ಸೀಟಿನಲ್ಲಿ ತನ್ನ ಸರದಿಗೆ ಕೂತಿದ್ದ ಹುಡುಗಿಗೆ ಗೊರಕೆಯೇ ಬಂದಿತ್ತಂತೆ.

"ಆಸ್ಪತ್ರೆಯ ಬಸ್ಸುಂಟು, ಮೆಟ್ರೋ ಉಂಟು, ಎಲ್ಲಕ್ಕಿಂತ ಕಾರಲ್ಲಿ ಬಿಡಲು ನಾನಿದ್ದೇನೆ. ಮತ್ತೆ ಯಾಕೆ ಇಷ್ಟು ಹಟ ನಿಂಗೆ?" ಎಂದು ನಾನು ಕೇಳಿದರೆ, "ಅದೆಲ್ಲ ನಿಂಗೆ ಎಂತಕ್ಕೆ ಮಾರಾಯ್ತಿ? ನೀನು ಬೆಲ್ಟ್ ಹಾಕು ನೋಡುವ" ಎನ್ನುತ್ತಿದ್ದಳು. ಮಂಗಳೂರಿನಿಂದ ನರ್ಸಾಗಿ ಬಂದು, ಅಮ್ಮನಿಲ್ಲದ ನನ್ನನ್ನು ಸಾಕಿ ಬೆಳೆಸಿದವಳು ಅವಳು. ನನ್ನಿಂದ ಯಾವುದನ್ನೂ ಮುಚ್ಚಿಟ್ಟವಳಲ್ಲ. ಇದೊಂದು ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ! ನನ್ನ ಕುತೂಹಲ ನನ್ನೊಂದಿಗೇ ದೊಡ್ಡದಾಯಿತು.

ಈ ವರ್ಷ ಅವಳ ನಿವೃತ್ತಿ. ವೀಸಾ ಖಲಾಸ್, ಇನ್ನು ಊರಿಗೆ. ಹೊರಡುವ ಮೊದಲು ಕಟ್ಟಕಡೆಯ ಟೆಸ್ಟಿಗೆ ಹೋದಳು. ಫೇಲಾದಳು. ಆ ದಿನ ಅವಳು ಊಟ ಮಾಡಲಿಲ್ಲ. ನನಗೆ ನೋಡಲಾಗದೆ, ಗಾಳಿ ಬದಲಾಗಲಿ ಎಂದು ಸ್ಪೇನಿನ ವೆಲೆನ್ಸಿಯಾಕ್ಕೆ ಕರೆದುಕೊಂಡು ಹೋದೆ.

ವೆಲೆನ್ಸಿಯಾ ಸಮುದ್ರ ದಡದ ಊರು. ಊರ ನಡುವೆ ಹರಿಯುತ್ತಿದ್ದ ನದಿಯನ್ನು ಆಚೆಗೆ ತಿರುಗಿಸಿ, ಅದರ ಪಾತ್ರದಲ್ಲಿ ಉದ್ದಕ್ಕೂ ತೋಟ ಮಾಡಿದ್ದಾರೆ. ಮೇಲೆ ಹಳೆಯ ಸೇತುವೆಗಳು, ಕೆಳಗೆ ಕಿತ್ತಳೆ ಗಿಡಗಳ ಪಕ್ಕದಲ್ಲೇ ಸೈಕಲ್ ದಾರಿ. "ನೀರಿಲ್ಲದ ಹೊಳೆಗೆ ಇಷ್ಟೆಲ್ಲ ಸಂಕ ಎಂತಕ್ಕೆ?" ಎಂದು ಚಿಕ್ಕಮ್ಮನಿಗೆ ಭಾರೀ ಸಂಶಯ. ಅದನ್ನು ಬಗೆಹರಿಸಲು ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಹುಡುಗಿಯಾಗಿದ್ದಾಗ ಊರಲ್ಲಿ ಸೈಕಲ್ ಹೊಡೆದವಳು, ಕಾಲು ಮರೆತಿರಲಿಲ್ಲ.

ಆದರೆ ಹತ್ತಿದ ಕೂಡಲೇ ಹೊರಟಳೆಂದುಕೊಂಡಿರಾ? ಟೈರು ಒತ್ತಿ ನೋಡಿದಳು, ಬ್ರೇಕ್ ಹಿಡಿದು ನೋಡಿದಳು, ಸೀಟು ಸರಿಮಾಡಿದಳು. ಆಮೇಲೆ ಕನ್ನಡಿಯೇ ಇಲ್ಲದ ಜಾಗದಲ್ಲಿ ಎರಡು ಬೆರಳಿಟ್ಟು ಕನ್ನಡಿಯನ್ನೂ ಸರಿಮಾಡಿದಳು! ಅಂಗಡಿಯ ಹುಡುಗಿ ಇಲ್ಲದ ಕನ್ನಡಿಯನ್ನು ಬಗ್ಗಿ ಹುಡುಕಿದ್ದನ್ನು ನಾನೇ ಕಂಡಿದ್ದೇನೆ. ದಾರಿಯಲ್ಲಿ ಪಾರಿವಾಳ ಅಡ್ಡ ಬಂದರೂ ಕೈ ಚಾಚಿ ಸಿಗ್ನಲ್, ಹೆಗಲಾಚೆ ನೋಟ, ನಂತರವೇ ತಿರುವು. ನಿಲ್ಲಿಸುವಾಗ ಎರಡು ಸೈಕಲ್‌ಗಳ ನಡುವೆ ಹಿಂದಕ್ಕೆ ನೂಕಿ ಪಾರ್ಕಿಂಗ್.

ಬಾಯಾರಿತು. ಒಂದು ಕೆಫೆಯ ಎದುರು ಸೈಕಲ್ ನಿಲ್ಲಿಸಿ, ಇಳಿಯದೆ, ಟ್ರಿಣ್ ಟ್ರಿಣ್ ಎಂದು ಬೆಲ್ ಬಾರಿಸಿ ಕಾಯತೊಡಗಿದಳು.

"ಎಂತ ಮಾಡ್ತಿದ್ದಿ ಚಿಕ್ಕಮ್ಮ?"

"ಚಾ ತರ್ಲಿಕ್ಕೆ. ಹಾರನ್ ಇಲ್ವಲ್ಲ ಇದಕ್ಕೆ!"

ಕೊಲ್ಲಿ ದೇಶಗಳಲ್ಲಿ ಚಹಾದಂಗಡಿ ಎದುರು ಕಾರು ನಿಲ್ಲಿಸಿ ಹಾರನ್ ಹೊಡೆದರೆ ಸಾಕು, ಗಟ್ಟಿ ಹಾಲಿನ ಕರಕ್ ಚಾ ಕಾರಿನ ಕಿಟಕಿಗೇ ಬರುತ್ತದೆ. ಈ ಪುಣ್ಯ ಸ್ಪೇನಿನವರಿಗೆಲ್ಲಿ? ಒಳಗಿಂದ ಓಡಿ ಬಂದ ಮಾಣಿ, ಪಾಪ, ಹೊರಗಿನ ಕುರ್ಚಿ ಮೇಜುಗಳನ್ನೆಲ್ಲ ಸರಿಸಿ ಅವಳ ಸೈಕಲ್ಲಿಗೆ ಅಗಲವಾಗಿ ದಾರಿ ಮಾಡಿಕೊಟ್ಟ!

ಕೊನೆಯ ದಿನ ಅಂಗಡಿಯಲ್ಲಿ ಇಬ್ಬರು ತುಳಿಯುವ ಉದ್ದದ ಸೈಕಲ್ ಕಂಡಿತು. "ಇದೇ ಬೇಕು. ಎದುರು ನಾನು" ಎಂದಳು ಚಿಕ್ಕಮ್ಮ. ನಾನು ಹಿಂದೆ ಕೂತೆ. ಸಮುದ್ರದ ಕಡೆಗೆ ಹೊರಟೆವು.  ದಾರಿಯಲ್ಲಿ ನಾನೇ ಮತ್ತೆ ಕೇಳಿದೆ, "ಈಗಲಾದ್ರೂ ಹೇಳು, ಆ ಲೈಸೆನ್ಸ್ ಎಂತಕ್ಕೆ ಬೇಕಿತ್ತು ನಿಂಗೆ?"

"ನಿಂಗೆ ನೆನಪಿಲ್ಲ. ನಿನ್ನಮ್ಮ ತೀರಿಹೋದ ವರ್ಷ ನೀನು ಒಂದನೇ ಕ್ಲಾಸು. ಊದ್ ಮೇಥಾ ಶಾಲೆಗೆ ಬಸ್ಸಲ್ಲಿ ಹೋಗುವಾಗ ದಿನಾ ಕಿಟಕಿಗೆ ಮುಖ ಒತ್ತಿ ಅಳ್ತಿದ್ದಿ. ಬೇರೆ ಮಕ್ಕಳನ್ನು ಅವರ ಅಮ್ಮಂದಿರು ಕಾರಲ್ಲಿ ಬಿಡುದು ನೋಡಿ ನಂಗೆ ಹೊಟ್ಟೆ ಉರೀತಿತ್ತು. ಇವಳನ್ನು ನಾನೇ ಬಿಡ್ತೇನೆ ಅಂತ ಹೊರಟದ್ದು. ನೀನು ಶಾಲೆ ಮುಗಿಸಿದೆ, ಕಾಲೇಜು ಮುಗಿಸಿದೆ, ಕಾರೂ ಕಲ್ತೆ. ನಂಗೆ ಮಾತ್ರ ನಿಲ್ಲಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಒಂದು ಸಲ ಆದ್ರೂ ನಿನ್ನನ್ನು ಎಲ್ಲಿಗಾದ್ರೂ ಬಿಡ್ಬೇಕಿತ್ತು."

 ಬೆವರಿಗೆ ಒದ್ದೆಯಾದ ಅವಳ ಬೆನ್ನು ನೋಡುತ್ತಾ ನನಗೆ ಅಳು ಉಕ್ಕಿ ಬಂತು. ಪೆಡಲ್ ತುಳಿಯುವುದನ್ನೇ ಮರೆತೆ. ಸೈಕಲ್ ಭಾರವಾದದ್ದು ಅವಳಿಗೆ ತಿಳಿದಿರಬೇಕು.

"ತುಳಿಯದಿದ್ರೂ ಅಡ್ಡಿಯಿಲ್ಲ ಮಗಾ" ಎಂದಳು. "ಸುಮ್ಮನೆ ಕೂತ್ಕೋ. ಇವತ್ತು ನಾನು ಬಿಡ್ತೇನೆ."

ಸಮುದ್ರ ಬರುವವರೆಗೂ ನಾನು ಸುಮ್ಮನೆ ಕೂತಿದ್ದೆ.