ನನ್ನ ಬಲಗಾಲಿನ ಖ್ಯಾತಿ

ಕಾಲಿನಿಂದ ಹೆಸರು ಮಾಡಿದವರು ಲೋಕದಲ್ಲಿ ಕಡಮೆ. ಅವರಲ್ಲಿ ನಾನೊಬ್ಬನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಿರುಮಕೂಡಲು ನರಸೀಪುರದ ಸ್ಕೂಲಿನಲ್ಲಿ ನಾನು ಮೇಷ್ಟರು. ಆದರೆ ಊರವರಿಗೆ ನನ್ನ ತಲೆಯ ಪರಿಚಯವಿಲ್ಲ, ಕಾಲಿನದೇ ಪರಿಚಯ. ಹುಟ್ಟುವಾಗ ನಾನು ಕಾಲು ಮುಂದೆ ಮಾಡಿ ಬಂದೆನಂತೆ. ಅಂಥವರು ಮೂರು ಸಲ ಮೆಲ್ಲಗೆ ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಜಗಲಿಯ ಮೇಲೆ ಇಬ್ಬರಾದರೂ ಬೋರಲಾಗಿ ಮಲಗಿರುತ್ತಾರೆ. ಅಪ್ಪನ ವಯಸ್ಸಿನವರನ್ನು ಒದೆಯಬೇಕು, ಮನಸ್ಸಿನಲ್ಲೇ ಕ್ಷಮೆ ಬೇಡಬೇಕು, ಆಮೇಲೆ ಆರಿದ ಕಾಫಿ ಕುಡಿಯಬೇಕು. ಹೋಗಲಿ, ಒಂದು ಒಳ್ಳೆಯ ಮಾತಾದರೂ ಉಂಟೇ? ಒದೆಸಿಕೊಂಡವನು ಮಾತಾಡದೆ, ಹಿಂದಿರುಗಿ ನೋಡದೆ, ನೆಟ್ಟಗೆ ಮನೆಗೆ ಹೋಗಬೇಕು. ತಪ್ಪಿದರೆ ನೋವು ಮರಳುತ್ತದಂತೆ!

ಇದೆಲ್ಲ ಮನಸ್ಸಿನ ಆಟ, ವಾಸಿಯಾಯಿತೆಂದು ಮನಸ್ಸು ಹೇಳುತ್ತದೆ, ಮೈ ಕೇಳುತ್ತದೆ ಎಂದು ಅವರಿಗೆ ಹೇಳಿ ಹೇಳಿ ಗಂಟಲು ಬಿದ್ದುಹೋಯಿತು. ಅಷ್ಟರಲ್ಲಿ ಹುಲ್ಲಹಳ್ಳಿಯಿಂದ ನಮ್ಮ ಸೋದರತ್ತೆ ಬಂದಳು. ನಾನು ಹುಟ್ಟಿದಾಗಲೂ ನನ್ನ ತಂಗಿ ಹುಟ್ಟಿದಾಗಲೂ ಬಾಣಂತನಕ್ಕೆ ನಿಂತವಳು ಅವಳೇ. ಜಗಲಿಯ ಸಾಲು ನೋಡಿ ಬಿದ್ದು ಬಿದ್ದು ನಕ್ಕಳು.

"ಕಾಲು ಮುಂದಾಗಿ ಬಂದೋಳು ನಿನ್ನ ತಂಗಿ ಕಣೋ! ಹೆಣ್ಣು ಮಗು ಊರ ಗಂಡಸರನ್ನೆಲ್ಲ ಒದ್ಕೊಂಡು ಕೂತ್ರೆ ಯಾರು ಮದುವೆ ಆಗ್ತಾರೆ ಅಂತ ನಿಮ್ಮಮ್ಮ ಆ ಮಾತನ್ನ ನಿನ್ನ ಮೇಲೆ ಹಾಕಿದ್ಲು."

ನನಗಾದ ಸಂತೋಷ ಅಷ್ಟಿಷ್ಟಲ್ಲ. ಜಗಲಿಯಲ್ಲಿದ್ದ ಸಿದ್ದೇಗೌಡನಿಗೆ ಅಲ್ಲೇ ಸುದ್ದಿ ತಿಳಿಸಿದೆ. ಅವನು ತಲೆಯನ್ನೂ ಎತ್ತಲಿಲ್ಲ.

"ಅದು ನನ್ ಸೊಂಟುಕ್ಕೆ ಗೊತ್ತಿಲ್ವಲ್ಲ ಸಾ. ಯೋಳ್ಬ್ಯಾಡಿ, ಸುಮ್ಕೆ ಒದೀರಿ."

ಒದ್ದೆ. ಸಿಟ್ಟಿನಲ್ಲಿ ಸ್ವಲ್ಪ ಜೋರಾಗಿಯೇ ಒದ್ದೆ. ವಾಸಿಯಾಗಿ ಹೋದ, ಹಾಳಾದವನು.

ಮಾರನೆಯ ವಾರ ಇನ್‌ಸ್ಪೆಕ್ಟರ್ ಸಾಹೇಬರ ತನಿಖೆ ಗೊತ್ತಾಯಿತು. ಹುಡುಗರ ಡ್ರಿಲ್ಲನ್ನು ನಾನೇ ಮಾಡಿಸಿ ತೋರಿಸಬೇಕು. ಖಾಲಿಯಿದ್ದ ಹೆಡ್‌ಮೇಷ್ಟರ ಕೆಲಸ ಅದರ ಮೇಲೆ ನಿಂತಿತ್ತು. ತನಿಖೆಗೆ ಎರಡು ದಿನವಿರುವಾಗ, ಅಂಗಳದಲ್ಲಿ ಅಭ್ಯಾಸ ಮಾಡುತ್ತ ಬಗ್ಗಿದವನು ಬಗ್ಗಿದ ಹಾಗೆಯೇ ಉಳಿದೆ. ನೋವಿಲ್ಲ, ನೋವಿಲ್ಲ ಎಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿತು. ಸೊಂಟ ಒಪ್ಪಲಿಲ್ಲ.

"ನಂಜನಗೂಡಿಗೆ ಗಾಡಿ ಹೂಡಿಸ್ಲಾ?" ಎಂದಳು ನನ್ನ ಹೆಂಡತಿ. ತಂಗಿಯ ಮನೆಯಿರುವುದು ಅಲ್ಲಿ. ನನ್ನ ವಿದ್ಯೆಗೆ ಅವಮಾನ ಮಾಡುತ್ತೀಯಾ ಎಂದು ರೇಗಿದೆ. ಗಳಿಗೆಯೊಳಗೆ ಗಾಡಿಯ ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ತಂಗಿಯನ್ನು ನೋಡಿ ಬಹಳ ದಿನವಾಯಿತೆಂದು ಗಾಡಿಯವನಿಗೆ ವಿವರಿಸುತ್ತಿದ್ದೆ. ದಾರಿಯುದ್ದಕ್ಕೂ ಹೊಟ್ಟೆಗೆ ಏನೂ ಇಲ್ಲ.

"ಅಣ್ಣನ್ನ ಒದೆಯೋದೇ? ಪಾಪ ಬರುತ್ತೆ!" ಎಂದಳು ತಂಗಿ.

"ಆ ಪಾಪ ನನಗಿರಲಿ, ಒದಿ!"

ಎರಡು ಸಲ ಅಂಜುತ್ತ ಒದ್ದಳು. ಮೂರನೆಯದರಲ್ಲಿ ಚಿಕ್ಕಂದಿನಲ್ಲಿ ನಾನು ಎಳೆದ ಜಡೆಗಳ ನೆನಪೆಲ್ಲ ಇತ್ತು. ಒಳಗೆ ಲಟಕ್ಕೆಂದಿತು. ಎದ್ದು ನೆಟ್ಟಗೆ ನಿಂತೆ!

"ಈಗ ಹ್ಯಾಗಿದೆಯೋ? ಯಾಕೆ, ಮಾತೇ ಇಲ್ಲ? ರಸಬಾಳೆ ಸೀಕರಣೆ ಮಾಡಿದೀನಿ, ಊಟ ಮಾಡ್ಕೊಂಡು ಹೋಗೋ!"

ಇದೆಲ್ಲ ಮನಸ್ಸಿನ ಆಟವೆಂದು ಅವಳಿಗೆ ವಿವರಿಸಿ, ಹಾಯಾಗಿ ಎಲೆಯ ಮುಂದೆ ಕೂರಬಹುದಿತ್ತು. ಆದರೆ ಡ್ರಿಲ್ಲು ನಾಡಿದ್ದೇ. ತುಟಿ ಬಿಗಿದುಕೊಂಡು, ಹಿಂದಿರುಗಿ ನೋಡದೆ, ಹಸಿದ ಹೊಟ್ಟೆಯಲ್ಲೇ ಗಾಡಿ ಹತ್ತಿದೆ.