ಫೋನ್‌ಬಾಯಿಯ ಹೊಸ ಡಬ್ಬಿ

ನಮ್ಮ ಅತ್ತೆ ಟೆಲಿಫೋನಿನೊಂದಿಗೆ ಜಗಳವಾಡುತ್ತಾಳೆ. ಟೆಲಿಫೋನಿನಲ್ಲಿ ಜಗಳವಾಡುವವರನ್ನು ನೀವೂ ಬೇಕಾದಷ್ಟು ನೋಡಿರುತ್ತೀರಿ, ಅದರಲ್ಲೇನು ವಿಶೇಷ? ಇವಳದು ಟೆಲಿಫೋನಿನೊಂದಿಗೇ! ರಿಸೀವರನ್ನು ಮುಖದ ಎದುರಿಗೆ ಹಿಡಿದು, ಹಾಲು ಕುಡಿಯದ ಕೂಸನ್ನು ಗದರಿಸುವ ಹಾಗೆ, “ಯಾಕ, ಇವತ್ತ ಗಂಟಲ ಕಟ್ಟ್ಯದೇನ್ ನಿನಗ?” ಎಂದು ಕೇಳುತ್ತಾಳೆ. ಇನ್ನೂ ದೊಡ್ಡ ಸೋಜಿಗವೆಂದರೆ, ಎಷ್ಟೋ ಸಲ ಅದು ಹೆದರಿ ಸರಿಹೋಗುತ್ತದೆ!

ಅತ್ತೆ ಎಂದಕೂಡಲೇ ಗಂಡನ ತಾಯಿಯೆಂದುಕೊಂಡು ಕುರ್ಚಿ ಹತ್ತಿರ ಎಳೆದುಕೊಳ್ಳಬೇಡಿ, ನಿರಾಶೆಯಾದೀತು. ಇವಳು ನಮ್ಮಪ್ಪನ ಅಕ್ಕ. ಯಾದಗಿರಿ ಕಡೆಯವಳು, ಮದುವೆಯಾಗಿ ಪುಣೆಗೆ ಬಂದವಳು. ಭೋಸರಿಯ ಒಂದು ಕಾರ್ಖಾನೆಯಲ್ಲಿ ಮಾವ ಲೇಥ್ ಯಂತ್ರ ನಡೆಸುವ ಟರ್ನರ್, ಅದೇ ಕಾರ್ಖಾನೆಯಲ್ಲಿ ಅತ್ತೆ ಟೆಲಿಫೋನ್ ಆಪರೇಟರ್. ಬರೀ ಮ್ಯಾಟ್ರಿಕ್ ಪಾಸಾದ ಈ ಹೆಣ್ಣುಮಗಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೋರ್ಡಿನ ಮುಂದೆ ಕೂತರೆ, ಮ್ಯಾನೇಜರ್ ಸಾಹೇಬರೂ ಅವಳ ಅಪ್ಪಣೆಯಿಲ್ಲದೆ ಮುಂಬೈಗೆ ಮಾತಾಡುವಂತಿರಲಿಲ್ಲ. ನಾನು ಕಾಲೇಜಿಗೆಂದು ಪುಣೆಗೆ ಬಂದು ಅವರ ಮನೆಯಲ್ಲಿ ಇಳಿದವಳು, ನೌಕರಿ ಸಿಕ್ಕ ಮೇಲೂ ಅಲ್ಲಿಂದ ಕದಲದವಳು. ಹೀಗಾಗಿ ಮುಂದೆ ಹೇಳುವುದಕ್ಕೆಲ್ಲ ನಾನೇ ಸಾಕ್ಷಿ.

ಮನೆಗೆ ಫೋನ್ ಬಂದ ದಿನದ ಕಥೆಗೆ ಮಾತ್ರ ಮಾವ ಸಾಕ್ಷಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಅರ್ಜಿ ಹಾಕಿ ಕಾದು ಕಾದು, ಕೊನೆಗೊಂದು ದಿನ ಲೈನ್‌ಮನ್ ಬಂದು ಫೋನ್ ಕೂಡಿಸಿದ. ಮೊದಲ ಕರೆ ಯಾರಿಗೆ ಮಾಡುತ್ತಾಳೋ ಎಂದು ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರಂತೆ. ಅತ್ತೆ ನೇರವಾಗಿ ತನ್ನ ಕಾರ್ಖಾನೆಯ ನಂಬರು ತಿರುಗಿಸಿದಳು. ಅಂದು ಅವಳ ಬದಲಿಗೆ ಬೋರ್ಡಿನಲ್ಲಿ ಕೂತಿದ್ದ ಹುಡುಗಿ ಗಂಟೆ ಐದು ಸಲ ಬಾರಿಸಿದ ಮೇಲೆ ಎತ್ತಿಕೊಂಡಳು. “ಐದು ಸಲ ಗಂಟೆ ಹೊಡೆಯುವ ತನಕ ಏನು ಮಾಡ್ತಿದ್ದಿ?” ಎಂದು ಅತ್ತೆ ಮರಾಠಿಯಲ್ಲಿ ಝಾಡಿಸಿ ಫೋನ್ ಇಟ್ಟಳು. ಆಮೇಲೆ ಓಣಿಯವರಿಗೆಲ್ಲ ಪೇಢೆ ಹಂಚಿದಳು!

ಆ ಫೋನ್ ಅವಳದಾಗಿ ಉಳಿದದ್ದು ಒಂದು ವಾರವೋ ಏನೋ. ಯೆರವಡಾದಲ್ಲಿ, ಹಡಪಸರದಲ್ಲಿ ಏಳುತ್ತಿದ್ದ ಕಟ್ಟಡಗಳಿಗೆಲ್ಲ ಇಟ್ಟಿಗೆ ಕಟ್ಟುವ ಗೌಂಡಿ ಕೆಲಸಕ್ಕೆ, ಕಾಂಕ್ರೀಟು ಹೊರುವುದಕ್ಕೆ ಬಂದವರು ನಮ್ಮ ಕಡೆಯ ಜನ. ತಗಡಿನ ಶೆಡ್ಡುಗಳಲ್ಲಿ ಇರುವ ಅವರಿಗೆ ಫೋನ್ ಎಲ್ಲಿಂದ ಬರಬೇಕು? ಊರಲ್ಲಿ ಅವರ ಮನೆಯ ಗೋಡೆಗಳ ಮೇಲೆ ಇದ್ದಿಲಿನಲ್ಲಿ ಅತ್ತೆಯ ನಂಬರು ಏರಿತು. ಕೂಲಿಯವರು ಅವಳನ್ನು ಫೋನ್‌ಬಾಯಿ ಎಂದು ಕರೆದರು. ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಕನ್ನಡದಲ್ಲಿ ಏನೆಂದು ನಿಮಗೇ ಗೊತ್ತು. ಅವಳಿಗೆ ಎರಡೂ ಒಪ್ಪುತ್ತಿತ್ತು!

ಸುದ್ದಿ ಬಂದರೆ ಸಾಕು, ಮಾವ ಸ್ಕೂಟರ್ ಹೊರಗೆ ತೆಗೆಯಬೇಕು. ಫೋನಿನ ತಂತಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ತಂತಿ ನಮ್ಮ ಮಾವನೇ. ಆದರೆ ಅವನು ಒಯ್ಯುವುದು ಒಳ್ಳೆಯ ಸುದ್ದಿ ಮಾತ್ರ. ಕೆಟ್ಟ ಸುದ್ದಿಯಾದರೆ ಅತ್ತೆಯೇ ಸೀರೆ ಬದಲಿಸಿ ಹಿಂದೆ ಕೂರುತ್ತಿದ್ದಳು. ಹೋದವಳು ಮೊದಲು ಕೇಳುವ ಮಾತು, “ಊಟ ಆತೇನಪಾ?” ಆಗಿರದಿದ್ದರೆ ಊಟ ಮಾಡಿಸಿ, ನೀರು ಕುಡಿಸಿ, ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಇದನ್ನು ಅವಳಿಗೆ ಯಾವ ಕಾರ್ಖಾನೆಯೂ ಕಲಿಸಿದ್ದಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ನಡೆಯಿತು. ಮೊಬೈಲುಗಳು ಬಂದವು, ಆದರೆ ಮೇಸ್ತ್ರಿಗಳ ಅಂಗಿಯ ಜೇಬಿಗೆ ಬಂದವೇ ಹೊರತು ಕೂಲಿಯವರ ಕೈಗೆ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ನಮ್ಮ ರಸ್ತೆಯನ್ನು ಅಗಲ ಮಾಡತೊಡಗಿದರು. ಅಗಲ ಮಾಡಲು ಅಗೆದರು, ಅಗೆಯುವಾಗ ಕೇಬಲ್ ಕತ್ತರಿಸಿದರು. ಜೋಡಿಸಿದ ಮರುವಾರ ಮತ್ತೊಬ್ಬರು ಬಂದು ನೀರಿನ ಪೈಪಿಗೆಂದು ಅದೇ ಜಾಗವನ್ನು ಅಗೆದರು! ಅತ್ತೆಯ ಗದರಿಕೆಗೆ ಜಗ್ಗದ ಒಂದು ವಸ್ತು ಈ ಭೂಮಿಯ ಮೇಲಿದೆಯೆಂದು ಆಗ ಗೊತ್ತಾಯಿತು. ಅದು ಕತ್ತರಿಸಿದ ಕೇಬಲ್.

ನಾನಾಗ ಹಡಪಸರದಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಒಂದು ಕಂಪನಿಯಲ್ಲಿ ಗ್ರಾಹಕರ ದೂರು ಕೇಳುವ ಕೆಲಸದಲ್ಲಿದ್ದೆ. ಇಂಟರ್ನೆಟ್ಟಿನ ಮೇಲೆಯೇ ನಡೆಯುವ ಫೋನನ್ನು ನಮ್ಮವರು ಆಗಷ್ಟೇ ಶುರುಮಾಡಿದ್ದರು. ಅದರ ತಂತಿ ನೆಲದೊಳಗಲ್ಲ, ಕಂಬಗಳ ಮೇಲೆ. ಒಂದು ಸಂಜೆ, ಫೋನನ್ನು ಜೋಡಿಸುವ ಅಂಗೈಯಗಲದ ಒಂದು ಕಪ್ಪು ಡಬ್ಬಿಯನ್ನು ಮನೆಗೆ ತಂದೆ. ಅತ್ತೆ ಅದನ್ನು ತಿರುಗಿಸಿ, ಮಗುಚಿ, ಮೂಸಿ ನೋಡಿದಳು.

“ಇದರಾಗ ಮಾತು ಹ್ಯಾಂಗ ಹೋಗ್ತದ?”

“ಮಾತನ್ನ ಸಣ್ಣ ಸಣ್ಣ ಚೂರು ಮಾಡಿ ಕಳಸ್ತದ ಅತ್ತಿ. ಆ ಕಡಿ ಹೋಗಿ ಚೂರೆಲ್ಲಾ ಮತ್ತ ಜೋಡಣೆ ಆಗ್ತಾವ.”

“ಒಡಿಯೂದ್ಯಾಕ, ಜೋಡಸೂದ್ಯಾಕ? ಹಾದ್ಯಾಗ ಒಂದ್ ಚೂರ ಬಿದ್ದ್ ಹೋದ್ರ? ಹೆಂಡ್ತಿ ಊರಿಂದ ‘ಹೋಗಬ್ಯಾಡ’ ಅಂತಾಳ. ‘ಬ್ಯಾಡ’ ಕಳದ್ ಹೋಗಿ ‘ಹೋಗ’ ಅನ್ನೂದಷ್ಟ ಗಂಡಗ ಮುಟ್ಟಿದ್ರ ಯಾರ್ ಜವಾಬ್ದಾರಿ? ನಿಮ್ಮ ಕಂಪನಿ ಬಂದು ಸಂಸಾರ ಜೋಡಸ್ತದೇನ?”

ನಮ್ಮ ಕಂಪನಿಯ ಟ್ರೇನಿಂಗಿನಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಆದರೂ ಹಳೆಯ ಫೋನು ಮೂರು ವಾರದಿಂದ ಸತ್ತು ಮಲಗಿತ್ತಲ್ಲ, ಅತ್ತೆ ಮನಸ್ಸು ಗಟ್ಟಿಮಾಡಿ ಒಪ್ಪಿಕೊಂಡಳು.

ಹೊಸ ಫೋನಿಗೆ ಹೊಸ ನಂಬರು. ಊರೂರಿಗೆ ಅದನ್ನು ತಿಳಿಸಬೇಕು. ಬರೆದುಕೊಳ್ಳಲು ಬಾರದವರಿಗೆ ನಂಬರು ನೆನಪಿರಬೇಕಲ್ಲ? ಅತ್ತೆ ಅದನ್ನು ಕಥೆ ಮಾಡಿದಳು. “ಮೊದಲ ಎರಡ ಎತ್ತು, ಆಮ್ಯಾಲ ಒಂದ ಬಂಡಿ, ಮತ್ತ ಎರಡ ಗಾಲಿ…” ಹೀಗೆ ಎಂಟೂ ಅಂಕಿಗಳ ಒಂದು ಮೆರವಣಿಗೆ. ಎಲ್ಲರಿಗೂ ಬಾಯಿಪಾಠವಾಯಿತು. ಒಬ್ಬ ಮುದುಕಿ ಮಾತ್ರ ಊರಿನ ಫೋನ್ ಅಂಗಡಿಯವನನ್ನು ಅರ್ಧ ತಾಸು ಪೀಡಿಸಿದಳಂತೆ: “ಎತ್ತು ಎಲ್ಲಿ ಒತ್ತಬೇಕಪಾ? ಇದರಾಗ ಎತ್ತಿನ ಚಿತ್ರಾನ ಇಲ್ಲಲ್ಲ!”

ಎಲ್ಲ ಸುಸೂತ್ರವಾಯಿತು ಎನ್ನುವಷ್ಟರಲ್ಲಿ ಗುರುವಾರ ಬಂತು.

ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ರಜೆಯಾದ್ದರಿಂದ ಅತ್ತೆ ದಿನವಿಡೀ ಮನೆಯಲ್ಲಿ. ಹಾಗಾಗಿ ಊರಿನವರೆಲ್ಲ ಫೋನ್ ಮಾಡುವುದೂ ಗುರುವಾರ. ಆದರೆ ಕಾರ್ಖಾನೆಗಳು ಮುಚ್ಚಿರುತ್ತವೆಂದು ರಿಪೇರಿಗಾಗಿ ಕರೆಂಟು ತೆಗೆಯುವುದೂ ಗುರುವಾರವೇ! ಹಳೆಯ ಫೋನಿಗೆ ಇದರ ಲೆಕ್ಕವೇ ಇರಲಿಲ್ಲ. ಹೊಸ ಡಬ್ಬಿ ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ತನ್ನ ಹಸಿರು ಕಣ್ಣು ಮುಚ್ಚಿದ್ದು ಸಂಜೆ ಆರಕ್ಕೆ ತೆರೆಯಿತು.

ಶುಕ್ರವಾರ ಮುಂಜಾನೆ ಫೋನ್ ಬಂತು. ಯೆರವಡಾದ ಕಟ್ಟಡವೊಂದರಲ್ಲಿ ಗೌಂಡಿಯಾಗಿದ್ದ ಶರಣಪ್ಪನ ಹೆಂಡತಿ ಊರಲ್ಲಿ ಹೆತ್ತಿದ್ದಳು. ಹೆರಿಗೆ ಕಠಿಣವಾಗಿತ್ತು, ಈಗ ತಾಯಿ ಮಗಳು ಇಬ್ಬರೂ ಆರಾಮ. ಹಿಂದಿನ ದಿನ ನಡುಮಧ್ಯಾಹ್ನದಿಂದ ಏಳು ಸಲ ಫೋನ್ ಮಾಡಿದ್ದರಂತೆ.

ಸುದ್ದಿ ಒಳ್ಳೆಯದು, ಮಾವ ಸ್ಕೂಟರ್ ಕೀಲಿ ತೆಗೆದುಕೊಂಡ. ಅತ್ತೆ, “ನಾನೂ ಬರ್ತೀನಿ ನಡೀರಿ” ಎಂದು ಕಾರ್ಖಾನೆಗೆ ರಜೆ ಹಾಕಿ ಹಿಂದೆ ಕೂತಳು. ಶರಣಪ್ಪ ಮೂರನೇ ಮಹಡಿಯಿಂದ ಇಳಿದು ಬಂದಾಗ, ಸಿಮೆಂಟಿನ ಕೈಯವನ ಎದುರು ನಿಂತು ಹೇಳಿದಳಂತೆ: “ಮಗಳು ಹುಟ್ಟ್ಯಾಳ. ನಿನ್ನಿ ಹುಟ್ಟ್ಯಾಳ. ಸುದ್ದಿ ಇವತ್ತ ತಂದೀನಿ, ತಪ್ಪ ನಂದು.”

ಶರಣಪ್ಪ ಕುಣಿಯುವುದೊಂದು ಬಾಕಿ. “ಬಾಯಾರ, ಕೂಸು ಒಂದ್ ದಿನದಾಗ ಎಲ್ಲಿ ಓಡಿ ಹೋಗ್ತದ್ರಿ!” ಎಂದು ನಕ್ಕ. ಅತ್ತೆ ನಗಲಿಲ್ಲ. “ಸುದ್ದಿ ಬ್ಯಾರೆ ಇದ್ದಿದ್ರ?” ಎಂದು ದಾರಿಯುದ್ದಕ್ಕೂ ಮಾವನ ಬೆನ್ನಿಗೆ ಕೇಳುತ್ತ ಬಂದಳು.

ಶನಿವಾರ ನಾನು ಆಫೀಸಿನಲ್ಲಿ ಕೂತಿದ್ದೇನೆ. ನೋಡಿದರೆ ಗಾಜಿನ ಬಾಗಿಲು ದೂಡಿಕೊಂಡು ಅತ್ತೆ! ಮತ್ತೊಂದು ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೈಚೀಲದಲ್ಲಿ ಡಬ್ಬಿ. ನಾನು ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿದೆ. ಪ್ರಯೋಜನವಾಗಲಿಲ್ಲ.

“ಇದನ್ನ ಮಾಡಿದ ಇಂಜಿನಿಯರ್ ಯಾರು? ಕರಿ.”

ನಮ್ಮ ಇಂಜಿನಿಯರ್ ಬೆಂಗಳೂರಿನವನು, ಒಳ್ಳೆಯ ಹುಡುಗ. ಕನ್ನಡ ಕೇಳಿ ಖುಷಿಯಿಂದಲೇ ಬಂದ.

“ಆಂಟಿ, ಪವರ್ ಹೋದ್ರೆ ನಾವೇನ್ ಮಾಡಕ್ಕಾಗುತ್ತೆ? ಕಂಬದ ಮೇಲಿರೋ ನಮ್ ಬಾಕ್ಸ್‌ಗೆ ಬ್ಯಾಕಪ್ ಇದೆ. ಮನೆ ಒಳಗಿಂದು ನಮ್ ಪ್ರಾಬ್ಲಮ್ ಅಲ್ಲ.”

“ಹಳೀ ಫೋನು ಕರೆಂಟ್ ಹೋದ್ರೂ ನಡೀತಿತ್ತಲ್ಲ, ಹ್ಯಾಂಗ?”

“ಅದಕ್ಕೆ ಎಕ್ಸ್‌ಚೇಂಜ್‌ನಿಂದಾನೇ ಪವರ್ ಬರುತ್ತೆ ಆಂಟಿ.”

“ಎಕ್ಸ್‌ಚೇಂಜ್‌ದಾಗ ಕರೆಂಟ್ ಹೋದ್ರ?”

“ಅಲ್ಲಿ ಬ್ಯಾಟರಿ ಇರುತ್ತೆ.”

“ಹಂಗಾರ ನಿನ್ನ ಡಬ್ಬಿಗಿ ಯಾಕಿಲ್ಲ?”

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅತ್ತೆ ಡಬ್ಬಿಯ ಕೆಳಗೆ ಅಂಟಿಸಿದ್ದ ಚೀಟಿಯನ್ನು ಕನ್ನಡಕ ಏರಿಸಿ ಓದಿದಳು. “ಹನ್ನೆರಡು ವೋಲ್ಟ್ ಅಂತ ಬರದದ. ನಮ್ಮ ಮನಿಯವರ ಸ್ಕೂಟರ್ ಬ್ಯಾಟರೀನೂ ಹನ್ನೆರಡು. ಜೋಡಸ್ಲೇನು? ಸುಟ್ಟ್ ಗಿಟ್ಟ್ ಹೋಗೂದಿಲ್ಲಲ್ಲ?”

ಅವನು ತಲೆ ಕೆರೆದುಕೊಂಡ, ಕಾಗದದ ಮೇಲೆ ಏನೋ ಗೀಚಿದ, ಕೊನೆಗೆ ಮೆಲ್ಲಗೆ ಹೇಳಿದ: “ನಡೀಬೋದು ಆಂಟಿ. ನಾನು ಯೋಚ್ನೆನೇ ಮಾಡಿರ್ಲಿಲ್ಲ.”

ಮುಂದಿನ ಗುರುವಾರ ಮಾವ ಸ್ಕೂಟರಿನ ಬ್ಯಾಟರಿ ಬಿಚ್ಚಿ, ತಾನೇ ಮಾಡಿಕೊಂಡ ಕ್ಲಿಪ್ಪುಗಳಿಂದ ಡಬ್ಬಿಗೆ ಜೋಡಿಸಿದ. ಒಂಬತ್ತಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಪಕ್ಕದ ಮನೆಯ ಟಿವಿ ನಿಂತಿತು. ಹಸಿರು ಕಣ್ಣು ಮಾತ್ರ ಪಿಳಿಪಿಳಿ ಉರಿಯುತ್ತಲೇ ಇತ್ತು! ಅಂದು ಹನ್ನೊಂದು ಕರೆಗಳು ಬಂದವು. ಅಂದಿನಿಂದ ಗುರುವಾರ ಮಾವನ ಸ್ಕೂಟರು ಕಿಕ್ ಹೊಡೆದರೆ ಓಡುತ್ತದೆ, ಆದರೆ ಹಾರ್ನ್ ಇಲ್ಲ. ಕೇಳಿದರೆ ಅವನು ಹೇಳುವುದೊಂದೇ: “ನಿಮ್ಮತ್ತಿ ಒದರೂದು ಹಿಂದಿಂದ ಕೇಳ್ತಿರ್ತದಲ್ಲವಾ, ಹಾರ್ನ್ ಯಾಕ ಬೇಕು?”

ಇಂಜಿನಿಯರ್ ತನ್ನ ಮೇಲಿನ ಅಧಿಕಾರಿಯನ್ನು ಕರೆದುಕೊಂಡು ಇದನ್ನು ನೋಡಲು ಬಂದ. ಇಬ್ಬರೂ ನೆಲದ ಮೇಲೆ ಕೂತು ಬ್ಯಾಟರಿಯನ್ನು ನೋಡಿದರು, ಮಾವನ ಕ್ಲಿಪ್ಪುಗಳನ್ನು ನೋಡಿದರು, ಅತ್ತೆ ಮಾಡಿದ ಅವಲಕ್ಕಿ ತಿಂದರು. ಕೆಲವು ತಿಂಗಳಲ್ಲಿ ಕಂಪನಿ ಡಬ್ಬಿಯ ಜೊತೆಗೆ ಒಂದು ಸಣ್ಣ ಬ್ಯಾಟರಿಯನ್ನೂ ಕೊಡತೊಡಗಿತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಆದರೆ ದೂರು ಹೇಳಲು ಫೋನ್ ಮಾಡಿದ ಪ್ರತಿಯೊಬ್ಬ ಗ್ರಾಹಕನಿಗೂ ನಾನು, “ಆ ಬ್ಯಾಟರಿ ನಮ್ಮ ಅತ್ತೆಯದು” ಎಂದು ಹೇಳುತ್ತಿದ್ದೆ. ಎಷ್ಟೋ ಜನ ಅದನ್ನು ಕೇಳಿ ಗಾಬರಿಯಿಂದ, ವಾಪಸು ಕೊಡಬೇಕೇ ಎಂದು ಕೇಳಿದ್ದುಂಟು!

ಇದೆಲ್ಲ ಆಗುವಾಗ ಶ್ರಾವಣ ಬಂತು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಆಡುವ ಹಬ್ಬ. ನಮ್ಮಪ್ಪ ಊರಲ್ಲಿ ದರ್ಜಿ. ಮಾತು ಕಡಿಮೆ, ಫೋನ್ ಇನ್ನೂ ಕಡಿಮೆ. ವರ್ಷಕ್ಕೊಮ್ಮೆ ಮಾತ್ರ ತಪ್ಪದೆ ಅಕ್ಕನನ್ನು ಪಂಚಮಿಗೆ ಕರೆಯಲು ಫೋನ್ ಮಾಡುತ್ತಿದ್ದ. ಅತ್ತೆಯದು ವರ್ಷವೂ ಒಂದೇ ಉತ್ತರ: “ನಾ ಬಂದ್ರ ಇಲ್ಲಿ ಫೋನ್ ಯಾರ್ ನೋಡ್ಕೋತಾರ?” ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಳೆಯ ಲೈನಿನಲ್ಲಿ ಸದಾ ಗರಗರ. ಅವನು ಆ ಕಡೆಯಿಂದ ಕೂಗಬೇಕು, ಇವಳು ಈ ಕಡೆಯಿಂದ ಕೂಗಬೇಕು. ಕೂಗುವಾಗ ಎಲ್ಲರ ದನಿಗೂ ಒಂದೇ ವಯಸ್ಸು.

ಆ ವರ್ಷ ಅಪ್ಪನ ಕರೆ ಹೊಸ ಫೋನಿಗೆ ಬಂತು. ಗರಗರ ಇಲ್ಲ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛ. ಅತ್ತೆ ಅಭ್ಯಾಸದಂತೆ ಕೂಗಲು ಬಾಯಿ ತೆರೆದವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಅವನು ಹೇಳಿದ್ದನ್ನೆಲ್ಲ ಕೇಳಿದಳು. ಕೊನೆಗೆ, “ಹೂಂ, ಬರ್ತೀನಿ” ಎಂದು ಫೋನ್ ಇಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಏನಾತ್ ಅತ್ತಿ?”

“ಎರಡ್ ಮಾತ್ ಆಡಿ ಒಂದ್ ಸಲ ಉಸಿರ್ ತಗೋತಾನ. ದನಿ ನಡಗ್ತದ.” ಸೆರಗಿನಿಂದ ಫೋನನ್ನು ಒರೆಸಿದಳು. “ನನ್ನ ತಮ್ಮ ಮುದುಕ ಆಗ್ಯಾನ. ಊರ ಮಂದಿ ಸುದ್ದಿ ಎಲ್ಲಾ ನಂಗ ಮುಟ್ಟ್ಯದ, ಇದೊಂದ ನಂಗ ಯಾರೂ ಹೇಳೇ ಇಲ್ಲ ನೋಡ.”

ಮರುದಿನವೇ ಹೊರಟಳು. ಅವಳು ಇಲ್ಲದ ಗುರುವಾರ ನಾನು ರಜೆ ಹಾಕಿ ಫೋನಿನ ಮುಂದೆ ಕೂತೆ. ಮಾವ ಸುದ್ದಿ ಹಿಡಿದು ಹಡಪಸರಕ್ಕೆ ಹೋಗಿದ್ದ. ಮಧ್ಯಾಹ್ನ ಊರಿನಿಂದ ಕರೆ ಬಂತು. ಅತ್ತೆ. ಹಿಂದೆ ಹೆಣ್ಣುಮಕ್ಕಳ ನಗು, ಗಲಾಟೆ. ಯಾವಾಗ ಬರುತ್ತೀ ಎಂದೆ.

“ಎಂಟ್ ದಿನ ಬಿಟ್ಟು,” ಎಂದಳು. ಆಮೇಲೆ ಪಕ್ಕದವರಿಗೆ ಕೇಳಬಾರದೆಂಬಂತೆ, ನಾನು ಅವಳ ಬಾಯಲ್ಲಿ ಎಂದೂ ಕೇಳದ ಮೆಲುದನಿಯಲ್ಲಿ ಹೇಳಿದಳು: “ನಿಮ್ಮಪ್ಪ ಬೇವಿನ ಗಿಡಕ್ಕ ಜೋಕಾಲಿ ಕಟ್ಸ್ಯಾನ. ನೀ ಕುಂಡ್ರಕ್ಕ, ನಾ ತೂಗ್ತೀನಿ ಅಂತಾನ. ಅವನ ಕೈಲೆ ಆಗೂದಿಲ್ಲವಾ. ಆದ್ರೂ ತೂಗಸ್ಕೋತೀನಿ.”